ಪಿಕ್ನಿಕ್ ದಿನ ಸೌಟು ಬೇರೆಯವರ ಕೈಯಲ್ಲಿರಲಿ

ಪ್ರಶ್ನೆ: ನನಗೆ 47 ವರ್ಷ. ಬ್ರಹ್ಮಾವರ ಸಮೀಪದ ಹಳ್ಳಿಯೊಂದರಲ್ಲಿ ಅತ್ತೆ ಮತ್ತು ಮಗಳೊಂದಿಗೆ ಇದ್ದೇನೆ. ಗಂಡನಿಗೆ ಗಲ್ಫಿನಲ್ಲಿ ಕೆಲಸ. ನಮ್ಮ ಇಗರ್ಜಿಯ ವಾಳೆಯಲ್ಲಿ, ಅಂದರೆ ವಾರ್ಡಿನಲ್ಲಿ, ಮೂವತ್ತರಷ್ಟು ಮನೆಗಳಿವೆ. ಪ್ರತಿವರ್ಷ ಈಸ್ಟರ್ ಕಳೆದ ಮೇಲೆ, ಮಕ್ಕಳಿಗೆ ಶಾಲೆ ಶುರುವಾಗುವ ಮುಂಚೆ, ಎಲ್ಲರೂ ಸೇರಿ ಒಂದು ದಿನ ಪಿಕ್ನಿಕ್ ಹೋಗುವುದು ರೂಢಿ. ಅಡುಗೆಯ ಜವಾಬ್ದಾರಿ ಯಾವಾಗಲೂ ನನ್ನದೇ. ಯಾರೂ ಒತ್ತಾಯ ಮಾಡಿ ಹೊರಿಸಿದ್ದಲ್ಲ. ಒಮ್ಮೆ ಮಾಡಿದೆ, ಚೆನ್ನಾಗಿದೆ ಎಂದರು, ಆಮೇಲೆ ಅದು ನನಗೇ ಅಂಟಿತು. ಹಿಂದಿನ ದಿನವೇ ಅಕ್ಕಿ ಅರೆಯುವುದು, ಮಾಂಸ ತೊಳೆದು ಹೆಚ್ಚುವುದು, ನಸುಕಿಗೆ ಎದ್ದು ಸಾನ್ನಾಂ ಬೇಯಿಸುವುದು, ಅಲ್ಲಿ ಹೋದ ಮೇಲೆ ಒಲೆ ಹೂಡಿ ಅನ್ನ ಮಾಡುವುದು, ಬಡಿಸುವುದು, ಕೊನೆಗೆ ಪಾತ್ರೆ. ಕಳೆದ ವರ್ಷ ಒಲೆಯ ಎದುರು ತಲೆ ಸುತ್ತು ಬಂದು ಕೂತುಬಿಟ್ಟೆ. ಅನ್ನ ಬರುವುದು ತಡವಾದಾಗಲೇ ಜನರಿಗೆ ಗೊತ್ತಾದದ್ದು. ಮನೆಗೆ ಬಂದು ಅತ್ತುಬಿಟ್ಟೆ.

ಈ ಸಲ ಮರವಂತೆಗೆ ಎಂದು ಮಾತಾಗಿದೆ. ಪಿಕ್ನಿಕ್ ಎಂಬ ಮಾತು ಕೇಳಿದರೇ ಮೈ ಭಾರವಾಗುತ್ತದೆ. ಎಸ್ಸೆಸ್ಸೆಲ್ಸಿ ಮುಗಿಸಿದ ಮಗಳು, 'ಮಮ್ಮಿ, ನಾನು ಬರುವುದಿಲ್ಲ. ಹುಡುಗರು ಕ್ರಿಕೆಟ್ ಆಡುವುದು, ನಾವು ಪಾತ್ರೆ ತೊಳೆಯುವುದು' ಎನ್ನುತ್ತಾಳೆ. ಅತ್ತೆಯವರು, 'ನಾವೂ ಮಾಡಿದವರೇ, ನಿನ್ನದೇನು ಹೊಸತು' ಎನ್ನುತ್ತಾರೆ. ಗಂಡ ಈ ಮೇಯಲ್ಲಿ ರಜೆಗೆ ಬರುತ್ತಿದ್ದಾರೆ, ಫೋನಿನಲ್ಲಿ ಹೇಳಿದರೆ 'ಸುಮ್ಮನೆ ರಗಳೆ ಬೇಡ' ಅಂತ. ನಾನು ಮಾಡದಿದ್ದರೆ ಮಾಂಸದ ಬಫಾತಿಗೆ ಆ ರುಚಿ ಬರುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ, ಅದೂ ನಿಜ. ಸೇವೆಯನ್ನು ಬೇಡ ಅನ್ನುವುದು ಪಾಪವೇ? ಏನೋ ನೆಪ ಹೇಳಿ ಮನೆಯಲ್ಲೇ ಉಳಿಯಲೇ?
ಹೆಸರು ಬೇಡ, ಬ್ರಹ್ಮಾವರ

ಉತ್ತರ: ಮನೆಯಲ್ಲಿ ಉಳಿಯಬೇಡಿ. ಹೋಗಿ. ಆದರೆ ಈ ಸಲ ಅಡುಗೆಯವರಾಗಿ ಹೋಗಬೇಡಿ. ನಾನು ಹೇಳಬೇಕಾದದ್ದು ಇಷ್ಟೇ. ಇದನ್ನು ಮಾಡಿಕೊಳ್ಳುವುದು ಹೇಗೆ ಎನ್ನುವುದು ಮಾತ್ರ ಸ್ವಲ್ಪ ಉದ್ದದ ಮಾತು.

ಎಲ್ಲಕ್ಕಿಂತ ಮೊದಲು ಆ ತಲೆಸುತ್ತಿನ ವಿಷಯ. ನೀವು ಅದನ್ನು ಪತ್ರದಲ್ಲಿ ಒಂದು ಸಾಲಿಗೆ ಮುಗಿಸಿದ್ದೀರಿ, ನನಗೆ ಅದನ್ನು ದಾಟಿ ಮುಂದೆ ಹೋಗಲಾಗಲಿಲ್ಲ. ನಮ್ಮ ಕರಾವಳಿಯ ಮೇ ತಿಂಗಳ ಸೆಕೆ ಬೆವರು ಆರಲು ಬಿಡುವುದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಅದರ ಮೇಲೆ ಒಲೆಯ ಉರಿ, ನಿದ್ದೆಯಿಲ್ಲದ ರಾತ್ರಿ, ಗಡಿಬಿಡಿಯಲ್ಲಿ ಕುಡಿಯಲು ಮರೆತ ನೀರು. ತಲೆ ಸುತ್ತುವುದು, ತಲೆನೋವು, ಕಾಲಿನ ಸ್ನಾಯು ಹಿಡಿದುಕೊಳ್ಳುವುದು, ವಾಕರಿಕೆ, ಇವೆಲ್ಲ ದೇಹ ಬಿಸಿಲಿಗೆ ಸೋಲುತ್ತಿರುವ ಲಕ್ಷಣಗಳು. ಆಗ ನೆರಳಿಗೆ ಬಂದು ಮಲಗಿ ಕಾಲು ಸ್ವಲ್ಪ ಎತ್ತರಿಸಿ, ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಂಡು, 1 ಲೀಟರ್ ನೀರಿಗೆ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಯಬೇಕು. ಮಾತು ತಡವರಿಸಿದರೆ, ಎಲ್ಲಿದ್ದೇವೆ ಎಂದು ತಿಳಿಯದಾದರೆ, ಮೈ ಕಾದ ಕಾವಲಿಯಂತಾದರೆ ಕಾಯಬಾರದು, 108ಕ್ಕೆ ಕರೆ ಮಾಡಬೇಕು. ಇಷ್ಟನ್ನು ನಿಮ್ಮ ವಾಳೆಯ ಒಬ್ಬರಾದರೂ ತಿಳಿದಿರಬೇಕು. ಪಿಕ್ನಿಕ್‌ಗೆ ಮುಂಚೆ ನೀವೊಮ್ಮೆ ವೈದ್ಯರ ಬಳಿ ಹೋಗಿ ರಕ್ತದೊತ್ತಡ ಮತ್ತು ಹಿಮೋಗ್ಲೋಬಿನ್ ನೋಡಿಸಿಕೊಳ್ಳಿ. ನಿಮ್ಮ ವಯಸ್ಸಿನಲ್ಲಿ ತಲೆಸುತ್ತಿಗೆ ಬಿಸಿಲಲ್ಲದೆ ಬೇರೆ ಕಾರಣವೂ ಇರಬಹುದು.

ಇನ್ನು ಪಾಪದ ಪ್ರಶ್ನೆ. ನೀವು ಬಾಯಿ ತೆರೆದ ಕೂಡಲೇ ಯಾರಾದರೂ ಲೂಕನ ಶುಭಸಂದೇಶದ ಮಾರ್ತ ಮತ್ತು ಮರಿಯರ ಕಥೆ ತೆಗೆಯುತ್ತಾರೆ. ಆ ಕಥೆಯಲ್ಲಿ ನನಗೆ ಯಾವಾಗಲೂ ಪ್ರಿಯಳಾದವಳು ಮಾರ್ತ. ಅವಳು ನಿಮ್ಮ ಹಾಗೆ ಮನೆಗೆ ಹೋಗಿ ಅಳಲಿಲ್ಲ. ನೇರವಾಗಿ ಯೇಸುವಿನ ಎದುರು ನಿಂತು, ಕೆಲಸವೆಲ್ಲ ನನ್ನೊಬ್ಬಳ ಮೇಲೆ ಬಿದ್ದಿದೆ ಎಂದು ದೂರಿದಳು. ಮಾತು ಶುರುವಾದದ್ದು ಅಲ್ಲಿಂದ. ಅವಳು ದೂರದೆ ಇದ್ದಿದ್ದರೆ, ಇಷ್ಟೊಂದು ತಳಮಳ ಬೇಡ ಎಂಬ ಯೇಸುವಿನ ಮಾತು ಅವಳ ಕಿವಿಗೆ ಬೀಳುತ್ತಲೇ ಇರಲಿಲ್ಲ.

ಆದರೆ ನಿಮ್ಮ ವಾಳೆಯವರಿಗೆ ನೆನಪಿಸಬೇಕಾದದ್ದು ಬೇರೆಯೇ ಭಾಗ. ಯೊವಾನ್ನನ ಶುಭಸಂದೇಶದ 21ನೇ ಅಧ್ಯಾಯ, ಪ್ರತಿವರ್ಷ ಈಸ್ಟರ್ ವಾರದ ಶುಕ್ರವಾರ ಪೂಜೆಯಲ್ಲಿ ಓದುವುದು. ಪೇತ್ರ ಮತ್ತು ಸಂಗಡಿಗರು ರಾತ್ರಿಯಿಡೀ ಬಲೆ ಬೀಸಿ ಸೋತು, ಬೆಳಗಾಗುವಾಗ ತಿಬೇರಿಯ ಸರೋವರದ ದಡಕ್ಕೆ ಬರುತ್ತಾರೆ. ದಡದಲ್ಲಿ ಕೆಂಡ ಹಾಕಿ, ಮೀನು ಸುಟ್ಟು, ರೊಟ್ಟಿ ಇಟ್ಟುಕೊಂಡು ಕಾಯುತ್ತಿದ್ದವರು ಪುನರುತ್ಥಾನರಾದ ಯೇಸು. ಗಂಗೊಳ್ಳಿ, ಕೋಡಿ, ಮರವಂತೆಯ ಜನರಿಗೆ ಈ ದೃಶ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾತ್ರಿ ದುಡಿದು ದಣಿದವರಿಗೆ, ನೀವು ಬಂದು ಊಟ ಮಾಡಿ ಎಂದು ಗುರುವೇ ಬಡಿಸಿದ. ಈಸ್ಟರ್ ಕಾಲದ ಪಿಕ್ನಿಕ್‌ಗೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಗೊತ್ತಿಲ್ಲ. ವರ್ಷವಿಡೀ ಬಡಿಸಿದವರು ಆ ದಿನ ಕೂತು ಉಣ್ಣಬೇಕು, ಮುಂದಾಳುಗಳು ಎದ್ದು ಬಡಿಸಬೇಕು. ಧರ್ಮೋಪದೇಶಕಾಂಡದಲ್ಲಿ ಸಬ್ಬತ್ತಿನ ವಿಶ್ರಾಂತಿಯನ್ನು ವಿಧಿಸುವಾಗ ಮನೆಯ ಕೆಲಸದಾಳುಗಳಿಗೂ ಅದು ಸಲ್ಲಬೇಕೆಂದು ಬಿಡಿಸಿಯೇ ಹೇಳಿದೆ. ಇಬ್ಬರು ಮೂವರು ಹೆಂಗಸರ ಬೆವರಿನ ಮೇಲೆ ನಡೆಯುವ ವಿಶ್ರಾಂತಿಯನ್ನು ಸಮುದಾಯದ ವಿಶ್ರಾಂತಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಈಗ ನಿಮಗೆ ಸ್ವಲ್ಪ ಕಷ್ಟವಾಗಬಹುದಾದ ಒಂದು ಮಾತು. ನಿಮ್ಮ ಬಫಾತಿನ ರುಚಿಯ ಬಗ್ಗೆ ಜನ ಹೇಳುವುದು 'ಅದೂ ನಿಜ' ಎಂದು ಬರೆದಿದ್ದೀರಿ. ಆ ಹೊಗಳಿಕೆ ನಿಮಗೆ ಇಷ್ಟ, ಇಷ್ಟವಾಗುವುದು ಸಹಜವೂ ಹೌದು. ಗಂಡ ದೂರದಲ್ಲಿ, ಮನೆಯಲ್ಲಿ ಮಾಡಿದ್ದಕ್ಕೆ ಭೇಷ್ ಎನ್ನುವವರು ಕಡಿಮೆ. ವರ್ಷಕ್ಕೊಂದು ದಿನ ಮೂವತ್ತು ಮನೆಯವರು ಒಟ್ಟಿಗೆ ಹೊಗಳಿದರೆ ಆ ಸೌಟನ್ನು ಬಿಟ್ಟುಕೊಡುವುದು ಸುಲಭವಲ್ಲ. ಆದರೆ ಅದೇ ಹೊಗಳಿಕೆ ನಿಮ್ಮನ್ನು ಒಲೆಗೆ ಕಟ್ಟಿಹಾಕಿದೆ. ಬೇರೆಯವರು ಮಾಡಿದರೆ ಉಪ್ಪು ಹೆಚ್ಚಾದೀತು, ಹುಳಿ ಕಡಿಮೆಯಾದೀತು, ಅನ್ನ ಮುದ್ದೆಯಾದೀತು. ಆಗಲಿ. ನೀವು ಆ ದಿನ ಪಾತ್ರೆಯ ಮುಚ್ಚಳ ತೆಗೆದು ನೋಡದೆ ಇರಬಲ್ಲಿರಾ ಎಂದು ಈಗಲೇ ನಿಮ್ಮನ್ನು ನೀವು ಕೇಳಿಕೊಳ್ಳಿ. ಇದಕ್ಕೆ ಹೂಂ ಎನ್ನಲು ಆಗದಿದ್ದರೆ ವಾಳೆಯ ಮುಖ್ಯಸ್ಥರಾದ ಗುರಿಕಾರರ ಬಳಿ ಮಾತಾಡಿ ಪ್ರಯೋಜನವಿಲ್ಲ, ಹತ್ತೂವರೆಗೆ ನೀವೇ ಸೆರಗು ಸಿಕ್ಕಿಸಿಕೊಂಡು ಒಲೆಯ ಬುಡಕ್ಕೆ ಹೋಗಿರುತ್ತೀರಿ.

ಗುರಿಕಾರರಿಗೆ ಹೇಳಬೇಕು, ಬೇಗ ಹೇಳಬೇಕು. ಹೆಂಗಸರ ಅಡುಗೆಯ ತಕರಾರಿಗೆ ಅವರನ್ನು ಯಾಕೆ ಎಳೆಯಲಿ ಎಂಬ ಸಂಕೋಚ ಬೇಡ. ನಮ್ಮ ಕಡೆಯ ಕ್ರೈಸ್ತ ಬದುಕು ನಿಂತದ್ದೇ ಧರ್ಮಗುರುಗಳಷ್ಟೇ ಸಾಮಾನ್ಯ ಜನರ ಹೆಗಲ ಮೇಲೆ. ಕುಂದಾಪುರದ ರೋಜರಿ ಮಾತೆಯ ಇಗರ್ಜಿ 1570ರಷ್ಟು ಹಳೆಯದು. 1681ರಲ್ಲಿ ಗೋವೆಯಿಂದ ಕೆನರಾಕ್ಕೆ ಬಂದ ಜೋಸೆಫ್ ವಾಜ್, 2015ರಲ್ಲಿ ಸಂತಪದವಿಗೇರಿದವರು, 1684ರವರೆಗೆ ಈ ಕರಾವಳಿಯಲ್ಲಿ ಊರೂರು ನಡೆದು ಕೆಲಸ ಮಾಡಿದರು. ಗುರುಗಳು ಅಪರೂಪವಾಗಿದ್ದ ಆ ಕಾಲದಲ್ಲಿ ಭಕ್ತರ ಸಂಘಗಳನ್ನು ಕಟ್ಟಿ ಜನರು ಒಬ್ಬರಿಗೊಬ್ಬರು ಆಗುವಂತೆ ಮಾಡಿದರು. ಉಡುಪಿ ಧರ್ಮಪ್ರಾಂತ್ಯ 2012ರಲ್ಲಿ ಬೇರೆಯಾದ ಮೇಲೂ ಇಗರ್ಜಿಯ ತಳಪಾಯ ವಾಳೆಯೇ. ಯಾವ ಮನೆಯಲ್ಲಿ ಕಾಯಿಲೆ, ಯಾರ ಮೇಲೆ ಹೊರೆ ಹೆಚ್ಚಾಗಿದೆ ಎಂದು ನೋಡುವುದು ಗುರಿಕಾರರ ಕೆಲಸ. ನೀವು ಹೇಳಿದರೆ ಅವರಿಗೆ ಅವರ ಕೆಲಸ ಮಾಡಲು ದಾರಿ ಮಾಡಿಕೊಟ್ಟಂತೆ.

ಹೇಳುವಾಗ ಸುತ್ತಿ ಬಳಸಿ ಹೇಳಬೇಡಿ, ಹುಷಾರಿಲ್ಲ ಎಂಬ ನೆಪ ಬೇಡ. ನೆಪ ಈ ವರ್ಷಕ್ಕೆ ಸಾಕಾಗುತ್ತದೆ, ಮುಂದಿನ ವರ್ಷ ಮತ್ತೆ ಸೌಟು ನಿಮ್ಮ ಕೈಗೆ ಬರುತ್ತದೆ. 'ಗುರಿಕಾರರೇ, ಇಷ್ಟು ವರ್ಷ ಸಂತೋಷದಿಂದ ಮಾಡಿದೆ. ಈಗ ಆಗುತ್ತಿಲ್ಲ. ಹೋದ ವರ್ಷ ತಲೆ ಸುತ್ತಿ ಕೂತದ್ದು ನಿಮಗೆ ಗೊತ್ತುಂಟು. ಈ ಸಲ ನಾನೂ ಎಲ್ಲರ ಹಾಗೆ ಬರುತ್ತೇನೆ. ಅಡುಗೆಗೆ ಪಾಳಿ ಹಾಕುವ, ಬಫಾತಿನ ಅಳತೆ ನಾನು ಬರೆದುಕೊಡುತ್ತೇನೆ.' ಇಷ್ಟು ಹೇಳಿ ನಿಲ್ಲಿಸಿ. ಆಮೇಲೆ ಒಂದು ಮೌನ ಬರುತ್ತದೆ. ಆ ಮೌನವನ್ನು ತುಂಬಲು 'ಬೇಕಾದರೆ ಅನ್ನ ಒಂದು ನಾನೇ ಮಾಡುತ್ತೇನೆ' ಎಂದು ಬಾಯಿಬಿಟ್ಟರೆ ಎಲ್ಲ ಹೋಯಿತು. ಅಳತೆಯ ಚೀಟಿ ಕೊಡುವುದು ಮಾತ್ರ ಖಂಡಿತ ಮಾಡಿ. ಮೂವತ್ತು ಮನೆಗೆ ಎಷ್ಟು ಅಕ್ಕಿ, ಎಷ್ಟು ಮಾಂಸ, ಎಷ್ಟು ಬಫಾತ್ ಪುಡಿ ಎಂಬ ಲೆಕ್ಕ ನಿಮ್ಮ ತಲೆಯಲ್ಲಿ ಮಾತ್ರ ಇರುವಷ್ಟು ದಿನ ನಿಮಗೆ ಬಿಡುಗಡೆಯಿಲ್ಲ.

ಅಡುಗೆ ಯಾರು ಮಾಡಬೇಕು? ಗಂಡಸರು ಮಾಡಲಿ. ನಮ್ಮ ಮದುವೆ ಮನೆಗಳಲ್ಲಿ ದೊಡ್ಡ ಹಂಡೆಗಳ ಮುಂದೆ ನಿಲ್ಲುವ ಕುಜ್ನೆರರಲ್ಲಿ ಹೆಚ್ಚಿನವರು ಗಂಡಸರೇ, ಆಗ ಯಾರಿಗೂ ನಾಚಿಕೆಯಿಲ್ಲ. ನಿಮ್ಮ ಗಂಡನ ವಿಷಯಕ್ಕೆ ಬನ್ನಿ. ಗಲ್ಫಿನಲ್ಲಿ ನಾಲ್ಕೈದು ಜನ ಸೇರಿ ಕೋಣೆ ಹಿಡಿದವರು ಅಡುಗೆಗೆ ಪಾಳಿ ಹಾಕಿಕೊಳ್ಳುತ್ತಾರೆ. ಇವತ್ತು ಇವನ ಸಾರು, ನಾಳೆ ಅವನ ಮೀನು, ಪಾತ್ರೆ ತೊಳೆಯುವುದಕ್ಕೂ ಸರದಿ. ನಿಮ್ಮವರಿಗೂ ಅದು ಅಭ್ಯಾಸವಿರಬಹುದು, ಕೇಳಿ ನೋಡಿ. ಅಲ್ಲಿ ಸರಿಯಾಗಿ ನಡೆಯುವ ಪದ್ಧತಿ ಊರಿಗೆ ಬಂದ ಕೂಡಲೇ ರಗಳೆ ಹೇಗಾಗುತ್ತದೆ? ಜಗಳದ ದನಿಯಲ್ಲಿ ಕೇಳಬೇಡಿ. ರಜೆಗೆ ಬಂದ ಮೊದಲ ದಿನಗಳಲ್ಲಿ, 'ನಿಮ್ಮ ರೂಮಿನ ಪಾಳಿಯ ಹಾಗೆ ನಮ್ಮ ವಾಳೆಗೂ ಒಂದು ಮಾಡಿಕೊಡಿ' ಎಂದು ಕೆಲಸವನ್ನೇ ಒಪ್ಪಿಸಿ. ರಜೆಗೆ ಬಂದ ಇತರರನ್ನೂ ಅವರು ಸೇರಿಸಿಕೊಳ್ಳಲಿ. ಮೇ ತಿಂಗಳಲ್ಲಿ ನಮ್ಮ ಊರುಗಳಲ್ಲಿ ಅಂಥವರಿಗೆ ಬರವಿಲ್ಲ.

ಅಡುಗೆಯನ್ನೂ ಇಳಿಸಬೇಕು. ಹೊರಗೆ ಹೋದಾಗ ಒಂದು ಮಾಂಸ, ಒಂದು ತರಕಾರಿ, ಅನ್ನ, ಉಪ್ಪಿನಕಾಯಿ ಸಾಕು. ಸಾನ್ನಾಂ ಬೇಕೇ ಬೇಕೆಂದರೆ ಮಾರಾಟಕ್ಕೆ ಮಾಡಿಕೊಡುವವರಿಗೆ ಹೇಳಿ, ಆ ಹಣವನ್ನು ಎಲ್ಲ ಮನೆಗಳಿಗೆ ಹಂಚಿ. ಬೆಳಗ್ಗೆ ಹೋಟೆಲಿನ ಬನ್ಸ್ ಕಟ್ಟಿಸಿಕೊಂಡರೆ ಯಾರ ಮಾನವೂ ಹೋಗುವುದಿಲ್ಲ. ಕಾಯಿ ಅರೆದ ಪದಾರ್ಥ ಸೆಕೆಗೆ ಬೇಗ ಹಳಸುತ್ತದೆ, ಅದನ್ನು ಪಿಕ್ನಿಕ್‌ಗೆ ಒಯ್ಯದಿರುವುದೇ ಮೇಲು. ಹೊರಗಿನ ಬಿಸಿ 32 ಡಿಗ್ರಿ ದಾಟಿದರೆ ಬೇಯಿಸಿದ ಅಡುಗೆಯನ್ನು ಒಂದು ಗಂಟೆಗಿಂತ ಹೆಚ್ಚು ಹಾಗೆಯೇ ಇಡಬಾರದು, ನಮ್ಮ ಮೇ ತಿಂಗಳ ಹಗಲು ಅದನ್ನು ಸಲೀಸಾಗಿ ದಾಟುತ್ತದೆ. ಹಾಗಾಗಿ ಮಾಂಸವನ್ನು ಎರಡು ಮೂರು ಮನೆಗಳಲ್ಲಿ ಬೇಯಿಸಿ, ಫ್ರಿಜ್ಜಿನಲ್ಲಿಟ್ಟು, ಅಲ್ಲಿ ಹೋಗಿ ಚೆನ್ನಾಗಿ ಕುದಿಸಿ ಬಡಿಸುವುದು ಒಳ್ಳೆಯದು. ಹುಳಿ ಹಾಕಿದ ಹಂದಿ ಮಾಂಸ ಮರುದಿನ ಹೆಚ್ಚು ರುಚಿ ಎನ್ನುವುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಸಂಜೆಗೆ ಬಚ್ಚಂಗಾಯಿ, ಮಾವು, ಮುರುಗಲ ಶರಬತ್ತು. ಕೊಯ್ಯುವ ಕೆಲಸ ಹುಡುಗರಿಗೆ. ಊಟದ ನಂತರ ಪ್ರತಿಯೊಬ್ಬರೂ ತಮ್ಮ ಬಟ್ಟಲು ತಾವೇ ತೊಳೆಯುವುದೆಂದು ಬಸ್ಸಿನಲ್ಲೇ ಹೇಳಿಬಿಟ್ಟರೆ ಪಾತ್ರೆಯ ಗುಡ್ಡೆ ಅರ್ಧಕ್ಕಿಳಿಯುತ್ತದೆ. ದೊಡ್ಡ ಪಾತ್ರೆಗಳಿಗೆ ಹುಡುಗರೂ ಹುಡುಗಿಯರೂ ಸಮ ಸಮ.

ಮರವಂತೆ ನನಗೂ ಬಹಳ ಇಷ್ಟದ ಜಾಗ. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಸೌಪರ್ಣಿಕಾ, ನಡುವೆ ರಾಷ್ಟ್ರೀಯ ಹೆದ್ದಾರಿ 66. ನೋಡಲು ಇಷ್ಟು ಚಂದದ ಜಾಗ ನಮ್ಮಲ್ಲಿ ಇನ್ನೊಂದಿಲ್ಲ ಎಂದೇ ಹೇಳುತ್ತೇನೆ. ಆದರೆ ಇಡೀ ದಿನ ಕಳೆಯಲು ಅದು ತಕ್ಕದ್ದಲ್ಲ. ನಡು ಮಧ್ಯಾಹ್ನ ಮರಳ ಮೇಲೆ ನೆರಳಿಲ್ಲ, ಚೆಂಡು ಉರುಳಿದರೆ ಹೆದ್ದಾರಿಗೆ ಹೋಗುತ್ತದೆ, ಅದರ ಹಿಂದೆ ಮಗು. ಮೇ ಕೊನೆಗೆ ಕಡಲಿನ ಸ್ವಭಾವವೂ ಬದಲಾಗುತ್ತದೆ, ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳೇ ಮೀನುಗಾರಿಕೆಗೆ ಇಳಿಯುವಂತಿಲ್ಲ. ಅಂಥ ಕಡಲಿಗೆ ಮಕ್ಕಳನ್ನು ಇಳಿಸಿ ದಡದಲ್ಲಿ ಹೌಸಿ ಆಡುತ್ತ ಕೂರುವುದು ಬೇಡ. ಮೊಣಕಾಲಿನಷ್ಟು ನೀರು ಸಾಕು, ಇಬ್ಬರು ದೊಡ್ಡವರು ಬೇರೆ ಕೆಲಸವಿಲ್ಲದೆ ನೀರನ್ನೇ ನೋಡುತ್ತಿರಬೇಕು. ಕೊರೆತ ತಡೆಯಲು ಹಾಕಿದ ಕಲ್ಲುಗಳ ಮೇಲೆ ಯಾರೂ ಹತ್ತಬಾರದು. ಸೆಳೆತಕ್ಕೆ ಸಿಕ್ಕವರು ದಡದ ಕಡೆಗೆ ಈಜಿ ಸೋಲುತ್ತಾರೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿದರೆ ಸೆಳೆತದಿಂದ ಹೊರಬರಬಹುದು. ಇದನ್ನು ಮಕ್ಕಳಿಗೆ ಬಸ್ಸು ಇಳಿಯುವ ಮುಂಚೆ ಹೇಳಿ.

ನನ್ನನ್ನು ಕೇಳಿದರೆ ಹಗಲನ್ನು ನೆರಳಿನಲ್ಲಿ ಕಳೆದು ಕಡಲನ್ನು ಸಂಜೆಗೆ ಇಡಿ. ನಿಮ್ಮ ಇಗರ್ಜಿಯವರದೇ ಯಾರದಾದರೂ ಹೊಳೆಬದಿಯ ತೆಂಗಿನ ತೋಟವಿದ್ದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಬಾವಿಯ ನೀರುಂಟು, ಕೈಕಾಲು ತೊಳೆಯಲು ಜಾಗವುಂಟು, ಹೆಂಗಸರಿಗೆ ಶೌಚಾಲಯವುಂಟು. ಈ ಕೊನೆಯದನ್ನು ಜಾಗ ಗೊತ್ತುಮಾಡುವ ಗಂಡಸರು ಮರೆಯುತ್ತಾರೆ, ದಿನವಿಡೀ ನೀರು ಕುಡಿಯದೆ ಕೂರುವ ಹೆಂಗಸರು ತಲೆನೋವು ತಂದುಕೊಳ್ಳುತ್ತಾರೆ. ನಿಮ್ಮ ಹತ್ತಿರದ್ದೇ ಬೇಕೆಂದರೆ ಸಾಲಿಗ್ರಾಮದ ಕಡೆ ಸೀತಾ ನದಿಯ ಹಿನ್ನೀರಿದೆ, ಕಾಂಡ್ಲಾ ಗಿಡಗಳ ನಡುವೆ ದೋಣಿಯಲ್ಲಿ ಹೋಗಬಹುದು, ಲೈಫ್ ಜಾಕೆಟ್ ಹಾಕಿಕೊಂಡು. ಮರವಂತೆಯನ್ನು ಬಿಡಲು ಮನಸ್ಸಿಲ್ಲದವರಿಗಾಗಿ ನಾಲ್ಕು ಗಂಟೆಯ ನಂತರ ಅಲ್ಲಿಗೆ ಹೋಗಿ. ಇನ್ನೂ ಉತ್ತರಕ್ಕೆ ಹೋಗುವ ಹುಮ್ಮಸ್ಸಿದ್ದರೆ ಬೈಂದೂರಿನ ಒತ್ತಿನೆಣೆಯ ಗುಡ್ಡದ ಮೇಲಿನಿಂದ ಸೂರ್ಯ ಮುಳುಗುವುದನ್ನು ನೋಡಬಹುದು, ಕೆಳಗೆ ಸೋಮೇಶ್ವರದ ಕಡಲತೀರ. ವಯಸ್ಸಾದವರಿಗೆ ಮರಳಲ್ಲಿ ನಡೆಯುವುದಕ್ಕಿಂತ ಗುಡ್ಡದ ಮೇಲೆ ಕುರ್ಚಿ ಹಾಕಿ ಕೂರಿಸುವುದು ಸುಖ.

ಅತ್ತೆಯವರ ಮಾತಿಗೆ ನೊಂದುಕೊಳ್ಳಬೇಡಿ. 'ನಾವೂ ಮಾಡಿದವರೇ' ಎನ್ನುವುದರಲ್ಲಿ ಅವರದೇ ಒಂದು ದಣಿವು ಇದೆ. ಅದನ್ನು ಯಾರೂ ಕೇಳಿಲ್ಲ. ಒಂದು ಸಂಜೆ ಅವರ ಪಕ್ಕ ಕೂತು, ಪಿಕ್ನಿಕ್ ಹೋದಾಗ ನೀವು ನೀರಿಗೆ ಕಾಲು ಹಾಕಿದ್ದು ಯಾವಾಗ ಎಂದು ಕೇಳಿ. ಉತ್ತರ ಏನೇ ಬರಲಿ, ಅವರನ್ನೂ ಈ ಸಲ ಕರೆದುಕೊಂಡು ಹೋಗಿ, ಕಾಲು ಒದ್ದೆಯಾಗುವಷ್ಟಾದರೂ ಕೈಹಿಡಿದು ಇಳಿಸಿ. ಅವರು ನಿಮ್ಮ ಪರ ನಿಂತರೆ ವಾಳೆಯ ಹಿರಿಯ ಹೆಂಗಸರ ಬಾಯಿ ಅರ್ಧ ಕಟ್ಟಿತು.

ಮಗಳಿಗೆ ನೀವು ಬೇರೆ ಏನೂ ಬೋಧಿಸಬೇಕಾಗಿಲ್ಲ. ಅವಳು ಹೇಳಿದ್ದು ಸರಿ ಎಂದು ಅವಳೆದುರು ಒಪ್ಪಿಕೊಳ್ಳಿ. ನಿಮ್ಮ ಜಾಗಕ್ಕೆ ಅವಳನ್ನು ನಿಲ್ಲಿಸುವುದು ಮಾತ್ರ ಕೂಡದು. ತಾಯಿ ಬಿಟ್ಟ ಸೌಟನ್ನು ಮಗಳ ಕೈಗೆ ಕೊಡುವುದು ನಮ್ಮ ಸಮುದಾಯಗಳಲ್ಲಿ ಬಹಳ ಸದ್ದಿಲ್ಲದೆ ನಡೆದುಹೋಗುತ್ತದೆ, ಆಮೇಲೆ ಯುವಜನ ಇಗರ್ಜಿಯ ಕಾರ್ಯಕ್ರಮಗಳಿಗೆ ಬರುವುದಿಲ್ಲ ಎಂದು ಪಾಲನಾ ಮಂಡಳಿಯಲ್ಲಿ ಚರ್ಚೆ. ಆಟಗಳ ಹೊಣೆಯನ್ನು ಅವಳಿಗೆ, ಅವಳ ಗೆಳತಿಯರಿಗೆ ವಹಿಸಿ ನೋಡಿ. ಲಗೋರಿ, ಹಗ್ಗಜಗ್ಗಾಟ, ಬೇಕಿದ್ದರೆ ಕ್ರಿಕೆಟ್ಟೇ ಇರಲಿ, ಪ್ರತಿ ತಂಡದಲ್ಲಿ ಹುಡುಗಿಯರು, ಅಮ್ಮಂದಿರು ಇರಲೇಬೇಕೆಂಬ ನಿಯಮದೊಂದಿಗೆ.

ಅಂದು ನೀವು ಏನು ಮಾಡಬೇಕು? ಮೊದಲ ಒಂದೆರಡು ಗಂಟೆ ಕೈಗೆ ಕೆಲಸವಿಲ್ಲದೆ ಚಡಪಡಿಕೆಯಾಗುತ್ತದೆ. ಕೂತಲ್ಲಿ ಕೂರಲಾಗುವುದಿಲ್ಲ, ಯಾರೋ ನೋಡಿ ಏನೋ ಅಂದುಕೊಂಡರು ಎನಿಸುತ್ತದೆ. ಕೆಲವರು ಅನ್ನಲೂಬಹುದು. ಅದಕ್ಕೆ ಉತ್ತರ ಕೊಡಬೇಡಿ. ಒಂದು ಚಾಪೆ, ಟೊಪ್ಪಿ, ನೀರಿನ ಬಾಟಲಿ, ಬದಲಾಯಿಸಲು ಒಂದು ಜೊತೆ ಬಟ್ಟೆ ಒಯ್ಯಿರಿ. ಬದಲಿ ಬಟ್ಟೆ ಇದ್ದರೆ ನೀರಿಗೆ ಇಳಿಯಲು ಧೈರ್ಯ ಬರುತ್ತದೆ. ಹಿಂದಿನ ರಾತ್ರಿ ನಿದ್ದೆ ಮಾಡಿ. ಹೌಸಿಯ ಟಿಕೆಟ್ ಕೊಳ್ಳಿ. ವರ್ಷವಿಡೀ ಪೂಜೆಯ ನಂತರ ಎರಡು ಮಾತಾಡಲೂ ಪುರುಸೊತ್ತಾಗದ ಗೆಳತಿಯ ಪಕ್ಕ ಕೂತು ಮಾತಾಡಿ. ಊಟ ಬಂದಾಗ ಮೊದಲ ಪಂಕ್ತಿಯಲ್ಲೇ ಕೂರಿ.

ಗುರಿಕಾರರು ಒಪ್ಪದಿದ್ದರೆ, ಈ ವರ್ಷ ಒಂದು ಸಲ ನೀವೇ ಮಾಡಿ, ಮುಂದಿನ ವರ್ಷ ನೋಡುವ ಎಂದರೆ? ಆಗಲೂ ಆಗುವುದಿಲ್ಲ ಎಂದೇ ಹೇಳಿ, ನಿಮ್ಮ ಮನೆಯ ಪಾಲಿನ ಹಣ ಕೊಟ್ಟುಬಿಡಿ, ಇಗರ್ಜಿಯ ಸ್ತ್ರೀ ಸಂಘಟನೆಯವರ ಬಳಿ ವಿಷಯ ಎತ್ತಿ. ನಿಮ್ಮಂತೆಯೇ ದಣಿದವರು ಅಲ್ಲಿ ಇನ್ನೂ ಇರುತ್ತಾರೆ, ಅವರೂ ಯಾರಾದರೂ ಮೊದಲು ಬಾಯಿ ತೆರೆಯಲಿ ಎಂದು ಕಾಯುತ್ತಿರುತ್ತಾರೆ. ಅಡುಗೆಯವರೇ ಸಿಗದೆ ಪಿಕ್ನಿಕ್ ಹೋಟೆಲ್ ಊಟದಲ್ಲಿ ಮುಗಿದರೂ ಚಿಂತೆಯಿಲ್ಲ.

ಮಾತು ಬರುವ ಭಾನುವಾರವೇ, ಪೂಜೆ ಬಿಟ್ಟ ಮೇಲೆ ಇಗರ್ಜಿಯ ಅಂಗಳದಲ್ಲೇ ಆಗಲಿ. ಬಸ್ಸು ಗೊತ್ತುಮಾಡಿ, ಅಕ್ಕಿ ಮಾಂಸಕ್ಕೆ ಹಣ ಕೊಟ್ಟ ಮೇಲೆ ಹೇಳಿದರೆ ನಿಮಗೂ ಗುರಿಕಾರರಿಗೂ ಹಿಂದೆ ಸರಿಯಲು ಜಾಗವಿರುವುದಿಲ್ಲ.